ಅಡಿಕೆ ಸುಲಿಯುವವರ ಚಾಳೀಸು: ನನ್ನ ಅನುಭವ

ಶಿರಸಿಯ ಕನ್ನಡಕದ ಅಂಗಡಿಯೊಂದರಲ್ಲಿ ಕಣ್ಣು ಪರೀಕ್ಷಿಸುವ ಕೆಲಸ ನನ್ನದು. ಕೋಣೆಯ ಉದ್ದ ಮೂರೇ ಮೀಟರ್ ಆದ್ದರಿಂದ, ತಿರುವುಮುರುವಾಗಿ ಬರೆದ ಅಕ್ಷರಪಟವನ್ನು ಕುರ್ಚಿಯ ಮೇಲ್ಗಡೆ ತೂಗುಹಾಕಿ ಎದುರು ಗೋಡೆಯ ಕನ್ನಡಿಯಲ್ಲಿ ಓದಿಸುತ್ತೇನೆ. ಪಟ ಕನ್ನಡಿಯ ಮುಂದೆ ಇರುವಷ್ಟೇ ದೂರದಲ್ಲಿ ಅದರ ಬಿಂಬ ಹಿಂದೆ ಕಾಣುವುದರಿಂದ, ಬೇಕಾದ 6 ಮೀಟರ್ ಅಂತರ ದೊರೆಯುತ್ತದೆ.

ದೂರದ ದೃಷ್ಟಿಗೆ ಇಷ್ಟು ಸಾಕು. ಹತ್ತಿರದ ದೃಷ್ಟಿಯಲ್ಲಿ ನಾನು ತಪ್ಪಿದ್ದು 52 ವರ್ಷದ ಅಮ್ಮನೊಬ್ಬರ ಪರೀಕ್ಷೆಯಲ್ಲಿ. ಅವರಿಗೆ ದೂರ ಚೆನ್ನಾಗಿಯೇ ಕಾಣುತ್ತಿತ್ತು, ಚಾಳೀಸು (ನಲವತ್ತರ ಆಚೆ ಹತ್ತಿರದ್ದು ಮಸುಕಾಗುವುದು) ಮಾತ್ರ ಬಂದಿತ್ತು. ಕಾರ್ಡನ್ನು 40 ಸೆಂ.ಮೀ. ದೂರದಲ್ಲಿ ಹಿಡಿಸಿ ಓದಿಸಿ +2.00 ನಂಬರ್ ಕೊಟ್ಟೆ. ಎಂಟು ದಿನಕ್ಕೆ ಮರಳಿ ಬಂದರು. “ಪೇಪರ್ ಓದಲೆ ಅಡ್ಡಿಲ್ಲೆ ತಮಾ, ಅಡಿಕೆ ಸುಲಿಯಲೆ ಕುಂತ್ರೆ ಮಸುಕು ಕಾಣ್ತು” ಎಂದರು. ಕತ್ತಿಯ ಅಲಗು ಸರಿಯಾಗಿ ಕಾಣದೆ ಹೆಬ್ಬೆರಳಿಗೆ ಗಾಯವೂ ಆಗಿತ್ತು.

ಅಂಗಡಿಯ ನೆಲದ ಮೇಲೆಯೇ, ಮೆಟ್ಟುಗತ್ತಿಯ (ಕಾಲಲ್ಲಿ ಮೆಟ್ಟಿ ಹಿಡಿದು ಅಡಿಕೆ ಸುಲಿಯುವ ಕತ್ತಿ) ಮುಂದೆ ಕೂರುವಂತೆ ಅವರನ್ನು ಕೂರಿಸಿ ಟೇಪು ಹಿಡಿದೆ. ಕಣ್ಣಿನಿಂದ ಕೈಗೆ 65 ಸೆಂ.ಮೀ., ಹೆಚ್ಚುಕಡಿಮೆ ಒಂದೂವರೆ ಮೊಳ.

ವಸ್ತುವಿನಿಂದ ಹೊರಟ ಬೆಳಕು ಹರಡುತ್ತ ಬರುತ್ತದೆ. ವಸ್ತು ಹತ್ತಿರವಾದಷ್ಟೂ ಕಣ್ಣನ್ನು ಮುಟ್ಟುವಾಗ ಆ ಹರವು ಹೆಚ್ಚು. ಎಳೆಯ ಕಣ್ಣಿನ ಮಸೂರ ಉಬ್ಬಿಕೊಂಡು ಅದನ್ನು ಅಕ್ಷಿಪಟದ ಮೇಲೆ ಕೂಡಿಸುತ್ತದೆ. ನಲವತ್ತು ದಾಟುತ್ತಿದ್ದಂತೆ ಮಸೂರ ಗಡುಸಾಗಿ ಆ ಶಕ್ತಿ ಸಾಲದಾಗುತ್ತದೆ, ಕೊರತೆಯನ್ನು ಪೀನಮಸೂರ ತುಂಬುತ್ತದೆ. ಆದರೆ 100 ಸೆಂ.ಮೀ.ಯನ್ನು ನಂಬರಿನಿಂದ ಭಾಗಿಸಿದಾಗ ಬರುವ ದೂರದಾಚೆ, ಬೇರೆ ದೋಷವಿಲ್ಲದ ಕಣ್ಣಿಗೆ ಆ ಕನ್ನಡಕದಲ್ಲಿ ಎಲ್ಲವೂ ಮಸುಕು. +2.00ಕ್ಕೆ ಅದು 50 ಸೆಂ.ಮೀ. ಅವರ ಅಡಿಕೆ ಆ ಗಡಿಯ ಆಚೆಗಿತ್ತು; ಕೆಲಸ ಕಣ್ಣಿನಿಂದ ಎಷ್ಟು ದೂರದಲ್ಲಿ ಎಂದು ನಾನು ಕೇಳಿರಲೇ ಇಲ್ಲ.

ಪರೀಕ್ಷೆಯ ಚೌಕಟ್ಟಿಗೆ +1.25 ಮಸೂರ ಹಾಕಿ, ಅಂಗೈ ಮೇಲೆ ಚಾಲಿ (ಸಿಪ್ಪೆಸಮೇತ ಒಣಗಿಸಿದ) ಅಡಿಕೆ ಇಟ್ಟು ತೋರಿಸಿದೆ. ಗಡಿ 80 ಸೆಂ.ಮೀ.ಗೆ ಸರಿಯಿತು, ಸಿಪ್ಪೆಯ ನಾರು ಎಳೆಎಳೆಯಾಗಿ ಕಂಡಿತು. ರಾತ್ರಿ ಸುಲಿಯುವಾಗ ದೀಪ ಬೆನ್ನ ಹಿಂದಿರುತ್ತದೆಂದು ತಿಳಿದು, ಅದನ್ನು ಪಕ್ಕಕ್ಕೆ ತರಲು ಹೇಳಿದೆ. ಮಂದ ಬೆಳಕಿನಲ್ಲಿ ಪಾಪೆ ಅಗಲವಾಗಿ ಮಸುಕು ಹೆಚ್ಚುತ್ತದೆ. ಹೊಸ ಮಸೂರಕ್ಕೆ ಹಣ ಪಡೆಯಲಿಲ್ಲ. ಓದಲು ಹಳೆಯದನ್ನೇ ಇಟ್ಟುಕೊಂಡರು. ಎರಡೂ ಅದಲುಬದಲಾಗದಂತೆ ಸುಲಿಯುವ ಕನ್ನಡಕಕ್ಕೆ ಕೆಂಪು ದಾರ ಕಟ್ಟಿಕೊಟ್ಟೆ.