ತೋಟವನ್ನೂ ಬಿಡಲಿಲ್ಲ, ಲೀಗನ್ನೂ ಬಿಡಲಿಲ್ಲ: ನನ್ನ ಅನುಭವ

ಕಾಫಿ ಕೊಯ್ಲು, ಜರ್ಮನಿಯ ಫುಟ್‌ಬಾಲ್ ಲೀಗ್ ಎರಡನ್ನೂ ಒಬ್ಬನೇ ನಿಭಾಯಿಸಲು ಆಗಲ್ಲ ಅಂತ ಕೊಡಗಿನ ನಮ್ಮ ಸುಂಟಿಕೊಪ್ಪದಲ್ಲಿ ಹೇಳದವರಿಲ್ಲ. ಜರ್ಮನಿಯ ಕೋಚ್ ಹೇಳಿದ್ದೂ ಅದನ್ನೇ. ಈಗ ಕೆಲವು ವರ್ಷಗಳಿಂದ ಆಗುತ್ತಿದೆ.

ಅಪ್ಪ ಇಲ್ಲಿಯವರು, ಅಮ್ಮ ಜರ್ಮನಿಯವರು. 1997ರಲ್ಲಿ ಕರಡ ಗ್ರಾಮದಲ್ಲಿ ಕೊಡವ ಕುಟುಂಬಗಳ ನಡುವಿನ ಹಾಕಿ ಟೂರ್ನಿ ಶುರುವಾದ ಮೇಲೆ ಕೊಡಗು ಅಂದರೆ ಹೊರಗಿನವರಿಗೆ ಹಾಕಿಯೇ. ಆದರೆ ಸುಂಟಿಕೊಪ್ಪದ ಗೋಲ್ಡ್ ಕಪ್ ಫುಟ್‌ಬಾಲ್ ಟೂರ್ನಿ ನೋಡಿ ಬೆಳೆದವರಿಗೆ ಫುಟ್‌ಬಾಲ್ ಹುಚ್ಚು ಏನೂಂತ ಗೊತ್ತು. ನಾನು ಆಡುವುದು ಬವೇರಿಯಾದ ಲಾಂಡೆಸ್‌ಲೀಗಾದಲ್ಲಿ, ಅಂದರೆ ಅಲ್ಲಿನ ಆರನೇ ದರ್ಜೆ. ಹಗಲು ತೋಟಗಾರಿಕೆ ಕಂಪನಿಯ ಕೆಲಸ, ಸಂಜೆ ಪ್ರಾಕ್ಟೀಸ್. ಆಟಕ್ಕೆ ತಿಂಗಳಿಗೆ ನಾನೂರು ಯೂರೊ ಆಸುಪಾಸು, ಗೆದ್ದರೆ ಮೇಲೊಂದಿಷ್ಟು.

ಲೀಗ್ ನವೆಂಬರ್ ಕೊನೆಗೆ ನಿಲ್ಲುತ್ತದೆ, ಮಾರ್ಚ್ ಹೊತ್ತಿಗೆ ಮತ್ತೆ ಶುರು. ಚಳಿಗಾಲದಲ್ಲಿ ಕಂಪನಿಯಲ್ಲೂ ಕೆಲಸ ಕಮ್ಮಿ. ನಮ್ಮ ತೋಟದ ಅರೇಬಿಕಾ ಕಾಫಿ ಹಣ್ಣಾಗುವುದು ಆಗಲೇ, ಅದರ ಹಿಂದೆಯೇ ರೊಬಸ್ಟಾ ಕಾಫಿ. ಎಲ್ಲ ಸರಿಹೋಯಿತು ಅನ್ನುವಷ್ಟರಲ್ಲಿ ಜನವರಿ ಕೊನೆ ಬರುತ್ತದೆ. ಅಲ್ಲಿ ಟೀಮಿನ ತಯಾರಿ ಶುರು, ಇಲ್ಲಿ ರೊಬಸ್ಟಾ ಕೊಯ್ಲಿನ ಭರಾಟೆ. ಪೇಚಾಟವೆಲ್ಲ ಅದೇ ಮೂರು ವಾರದ್ದು.

ಮೊದಲ ಚಳಿಗಾಲ ಕಷ್ಟವೇ ಆಯಿತು. ಬಿಸಿಲಿನಿಂದ ಹೋಗಿ ಸೊನ್ನೆಗಿಂತ ಕೆಳಗಿನ ಚಳಿಯಲ್ಲಿ ಓಡಿದೆ, ತೊಡೆಯ ಹಿಂಭಾಗ ಹಿಡಿದುಕೊಂಡಿತು. ಏಪ್ರಿಲ್‌ವರೆಗೂ ಬೆಂಚು. ಮುಂದಿನ ವರ್ಷ ಬೇರೆ ಕ್ಲಬ್ ಸೇರಿದೆ. ಅವರು ಚಳಿಗಾಲದ ದುಡ್ಡು ಕೊಡಲೇ ಇಲ್ಲ. ಟಿಕೆಟಿಗೆ ಎಪ್ಪತ್ತು ಸಾವಿರದ ಹತ್ತಿರ ಕೈಯಿಂದ ಹೋಯಿತು. "ಆಡಿದ ದುಡ್ಡು ವಿಮಾನಕ್ಕೇ ಸಾಲಲ್ಲ ಅಂದ್ರೆ ಯಾಕೆ ಮಗ ಇದೆಲ್ಲ?" ಅಂದರು ದೊಡ್ಡಪ್ಪ.

ಆಮೇಲೆ ಓಡಿದ ದೂರ, ವೇಗ ಅಳೆಯುವ ಒಂದು ಜಿಪಿಎಸ್ ಬನಿಯನ್ ಕೊಂಡೆ, ಹದಿನೈದು ಸಾವಿರ ಇರಬೇಕು. ಓಡಿದ ಲೆಕ್ಕವನ್ನು ರಾತ್ರಿ ಕೋಚ್‌ಗೆ ಕಳಿಸುತ್ತಿದ್ದೆ. ಮಾತಿಗೆ ಬಗ್ಗದ ಮನುಷ್ಯ ಅಂಕಿಗೆ ಬಗ್ಗಿದರು. ಫೆಬ್ರವರಿ ಮಧ್ಯದವರೆಗೆ ಇಲ್ಲೇ ಇರಲು ಒಪ್ಪಿಗೆ ಸಿಕ್ಕಿತು.

ಪ್ರಾಕ್ಟೀಸ್ ಕಾಫಿ ಒಣಗಿಸುವ ಕಣದಲ್ಲೇ. ಬೆಳಿಗ್ಗೆ ಮಂಜು ಕರಗುವವರೆಗೆ ಚೆರಿ, ಅಂದರೆ ಸಿಪ್ಪೆ ಸಮೇತ ಒಣಗಿಸುವ ಕಾಫಿ ಹಣ್ಣಿನ ರಾಶಿ, ಟಾರ್ಪಾಲಿನ ಕೆಳಗೇ ಇರುತ್ತದೆ, ಅರ್ಧ ಕಣ ಖಾಲಿ. ಗೋದಾಮಿನ ಗೋಡೆಗೆ ಒದ್ದು ಒಂದೇ ಟಚ್‌ನಲ್ಲಿ ವಾಪಸ್ ಹಿಡಿಯಬೇಕು. ಒದ್ದೆ ಸಿಮೆಂಟು, ಶೂ ಅಡಿಗೆ ಅಂಟುವ ಕಾಫಿ ಸಿಪ್ಪೆ. ಚೆಂಡು ಸರ್ರನೆ ಜಾರಿ ಬರುತ್ತದೆ, ಅಲ್ಲಿನ ಹಿಮ ಕಟ್ಟಿದ ಕೃತಕ ಹುಲ್ಲಿನ ಮೇಲೆ ಬರುವ ಹಾಗೇ. ದೊಡ್ಡಪ್ಪ ಕಾಫಿ ಹರವಲು ಬರುವಷ್ಟರಲ್ಲಿ ಮುಗಿಸಬೇಕು. ಸಂಜೆ ಕಾಫಿ ತೂಕ ಆದ ಮೇಲೆ ಜೀಪ್ ದಾರಿಯ ಏರಿನಲ್ಲಿ ಓಟ, ಎಂಬತ್ತು ಮೀಟರ್ ಇರಬಹುದು. ಆ ವರ್ಷ ವಾಪಸ್ ಹೋದಾಗ ಓಟದ ಟೆಸ್ಟ್‌ನಲ್ಲಿ ಇಡೀ ಟೀಮಿಗೆ ನಾನೇ ಮೊದಲು.

ನಡುವೆ ಅಮ್ಮತ್ತಿ ಕಡೆಯ ಸೆವೆನ್ಸ್, ಅಂದರೆ ತಂಡಕ್ಕೆ ಏಳೇ ಜನ ಆಡುವ ಫುಟ್‌ಬಾಲಿನ ಹುಡುಗರ ಜೊತೆ ಪ್ರಾಕ್ಟೀಸ್ ಮಾಡಿ ನೋಡಿದೆ. ಸಣ್ಣ ಜಾಗದಲ್ಲಿ ತಿರುಗುವುದನ್ನು ಅವರಷ್ಟು ಚೆನ್ನಾಗಿ ಯಾವ ಕೋಚೂ ಕಲಿಸಲ್ಲ. ಟೂರ್ನಿಗೆ ಮಾತ್ರ ಇಳಿಯಲಿಲ್ಲ. ಸೆವೆನ್ಸ್‌ಗೆ ಫೆಡರೇಷನ್ ಮಾನ್ಯತೆ ಇಲ್ಲ, ಕಾಲು ಮುರಿದರೆ ಕೇಳುವವರೂ ಇಲ್ಲ. ಪ್ರಾಕ್ಟೀಸ್ ದಿನ ಅಕ್ಕಿ ತರಿಯ ಕಡಂಬುಟ್ಟು ಉಂಡೆ ತಿಂದು ನೋಡಿದೆ, ಮೂರು ಗಂಟೆ ಮೊದಲೇ ತಿಂದರೆ ಪರವಾಗಿಲ್ಲ. ಪಂದಿ ಕರಿ, ಅಂದರೆ ಹಂದಿ ಮಾಂಸದ ಸಾರು, ಆಟ ಮುಗಿದ ಮೇಲೇ.

ಭಾರತಕ್ಕೆ ಯಾಕೆ ಆಡಲ್ಲ ಅಂತ ಎಲ್ಲರೂ ಕೇಳುತ್ತಾರೆ. ನನ್ನದು ಜರ್ಮನ್ ಪಾಸ್‌ಪೋರ್ಟ್, ಇಲ್ಲಿಗೆ ಭಾರತ ಮೂಲದ ವಿದೇಶಿ ಪ್ರಜೆಗಳಿಗೆ ಕೊಡುವ ಒಸಿಐ ಕಾರ್ಡ್. ಒಸಿಐ ಇದ್ದವರನ್ನು ರಾಷ್ಟ್ರೀಯ ತಂಡಕ್ಕೆ ಸೇರಿಸಲ್ಲ, ಎರಡು ಪೌರತ್ವಕ್ಕೆ ನಮ್ಮ ಕಾನೂನಿನಲ್ಲಿ ಜಾಗವೂ ಇಲ್ಲ. ಫುಟ್‌ಬಾಲಿಗ ಅರಾತಾ ಇಜುಮಿ ಜಪಾನಿನ ಪೌರತ್ವ ಬಿಟ್ಟು 2013ರಲ್ಲಿ ಭಾರತಕ್ಕೆ ಆಡಿದರು. ಬೆಂಗಳೂರು ಎಫ್‌ಸಿಯ ರಯಾನ್ ವಿಲಿಯಮ್ಸ್ 2025ರಲ್ಲಿ ಆಸ್ಟ್ರೇಲಿಯಾದ್ದನ್ನು ಬಿಟ್ಟರು. ಅವರ ಬಗ್ಗೆ ನನಗೆ ತುಂಬಾ ಗೌರವ. ಆದರೆ ಆರನೇ ದರ್ಜೆಯಲ್ಲಿ ಆಡುವವನು ಪಾಸ್‌ಪೋರ್ಟ್ ಬಿಟ್ಟರೆ ಅಲ್ಲಿನ ಕೆಲಸ, ಲೀಗ್ ಎರಡೂ ಕೈತಪ್ಪುತ್ತವೆ. ಒಸಿಐ ಇದ್ದರೆ ಕಾಫಿ ತೋಟ ಕೊಳ್ಳುವಂತಿಲ್ಲ, ಅಪ್ಪನಿಂದ ಬಂದದ್ದನ್ನು ಇಟ್ಟುಕೊಳ್ಳಬಹುದು. ನನಗೆ ಅಷ್ಟು ಸಾಕು.

ರೊಬಸ್ಟಾ ಚೆರಿ ಐವತ್ತು ಕಿಲೋ ಮೂಟೆಗೆ ಹತ್ತು ಸಾವಿರದ ಹತ್ತಿರ ಮುಟ್ಟಿದ ವರ್ಷ ದೊಡ್ಡಪ್ಪನೇ ಟಿಕೆಟ್ ಮಾಡಿಸಿದರು. ಇದೇ ದಾರಿ ಹಿಡಿಯುವವರು ಚಳಿಗಾಲದ ಸಂಬಳದ ಮಾತನ್ನು ಸಹಿ ಹಾಕುವ ಮೊದಲೇ ಕಾಗದದಲ್ಲಿ ಬರೆಸಿಕೊಳ್ಳಿ. ಟಿಕೆಟ್ ಸೆಪ್ಟೆಂಬರ್‌ನಲ್ಲೇ ಮಾಡಿ, ವಾಪಸ್ ತಾರೀಖು ಬದಲಾಯಿಸಲು ಬರುವಂಥದ್ದು. ಕೊಯ್ಲು ಯಾವ ವರ್ಷವೂ ಹೇಳಿದ ದಿನಕ್ಕೆ ಮುಗಿಯಲ್ಲ.