ಮಂಡಿಯ ಕೀವು ತೆಗೆಯುವವನು ಬಾಗಿಲಿಗೆ ಬರುವ ಮುಂಚೆ

ನಮ್ಮ ದೊಡ್ಡಮ್ಮನ ಮನೆಯ ಕ್ಯಾಲೆಂಡರಿನಲ್ಲಿ ಮಾರ್ಚ್ ಹಾಳೆಯ ಹಿಂಬದಿಗೆ ಐದೈದರ ಕಟ್ಟಿನಂತೆ ಎಳೆದ 62 ಗೀಟುಗಳಿವೆ. ಎಳೆದವರು ದೊಡ್ಡಪ್ಪ, ಲೆಕ್ಕಪತ್ರ ಇಲಾಖೆಯಲ್ಲಿದ್ದು ನಿವೃತ್ತರಾದವರು. ಒಂದು ಗೀಟು ಅಂದರೆ ದೊಡ್ಡಮ್ಮನ ಮಂಡಿಯಿಂದ ಹಿತ್ತಾಳೆ ಕೊಳವೆಯಲ್ಲಿ ಹೀರಿ ತೆಗೆದ ‘ಕೀವಿ’ನ ಒಂದು ತೊಟ್ಟು. ತೊಟ್ಟಿಗೆ 4,000 ರೂಪಾಯಿ. ಒಟ್ಟು 2,48,000, ಲೆಕ್ಕ ಸರಿಯಾಗಿದೆ.

ವಿಷಯ ಗೊತ್ತಾದ ದಿನ ನಾವು ಮಕ್ಕಳೆಲ್ಲ ಸೇರಿ ಅವರಿಬ್ಬರಿಗೂ ಚೆನ್ನಾಗಿ ಬೈದೆವು. ಆರು ತಿಂಗಳ ಮೇಲೆ ಇನ್ನೊಂದು ಮೋಸ ನಡೆದಾಗ ಅವರು ನಮಗೆ ಹೇಳಲೇ ಇಲ್ಲ. ಪಾಸ್‌ಬುಕ್ ಎಂಟ್ರಿ ಹಾಕಿಸಿದಾಗ ತಿಳಿಯಿತು, ಅಷ್ಟರಲ್ಲಿ ಒಂಬತ್ತು ದಿನ ಕಳೆದಿತ್ತು. ಮನೆಯ ಹಿರಿಯರನ್ನು ಚಿಕಿತ್ಸೆಯ ಹೆಸರಿನ ಇಂಥ ಮೋಸಗಳಿಂದ ಕಾಪಾಡಲು ಹೊರಟಾಗ ನೀವು ಹಾಗೆ ಬೈಯಬೇಡಿ ಎಂದು ಇದನ್ನು ಬರೆಯುತ್ತಿದ್ದೇನೆ.

1. ಉಪದೇಶ ಬಿಡಿ, ಮೋಸದ ಕಥೆ ಹೇಳಿ

‘ಹುಷಾರಾಗಿರಿ’ ಅಂದರೆ ಏನೂ ಹೇಳಿದಂತಾಗುವುದಿಲ್ಲ. ಯಾವ ಕ್ರಮದಲ್ಲಿ ಏನು ನಡೆಯುತ್ತದೆ ಎಂದು ಬಿಡಿಸಿ ಹೇಳಿ. ಬೆಂಗಳೂರಿನಲ್ಲೂ ಬೇರೆ ಊರುಗಳಲ್ಲೂ ಈ ಕೀವಿನ ಆಟ ಬಹುತೇಕ ಒಂದೇ ಥರ. ಹೋಟೆಲ್‌ನಲ್ಲೋ ಪಾರ್ಕಿನಲ್ಲೋ ಕುಂಟುತ್ತ ನಡೆಯುವವರನ್ನು ನೋಡಿ ನೀಟಾಗಿ ಇಸ್ತ್ರಿ ಬಟ್ಟೆ ಹಾಕಿದವನೊಬ್ಬ ಬರುತ್ತಾನೆ. “ಅಮ್ಮಾ, ಮಂಡಿ ನೋವಾ? ನಮ್ಮ ತಾಯಿಗೂ ಹೀಗೇ ಇತ್ತು, ಈಗ ಬೆಟ್ಟ ಹತ್ತುತ್ತಾರೆ.” ಅವನು ಏನನ್ನೂ ಮಾರುವುದಿಲ್ಲ, ಒಂದು ಫೋನ್ ನಂಬರ್ ಕೊಟ್ಟು ಹೋಗುತ್ತಾನೆ. ಎರಡು ದಿನ ಬಿಟ್ಟು ‘ಡಾಕ್ಟರು’ ಸಹಾಯಕನ ಜೊತೆ ಮನೆಗೇ ಬರುತ್ತಾರೆ. ಚರ್ಮವನ್ನು ಸಣ್ಣಗೆ ಗೀರಿ, ಕೊಳವೆ ಇಟ್ಟು ಬಾಯಲ್ಲಿ ಹೀರಿ, ತಟ್ಟೆಗೆ ಹಳದಿ ನೀರು ಉಗುಳುತ್ತಾರೆ. ರೇಟು ಹೇಳುವುದು ತೊಟ್ಟಿನ ಲೆಕ್ಕದಲ್ಲಿ, ಎಷ್ಟು ತೊಟ್ಟು ಎಂದು ಮೊದಲೇ ಹೇಳುವುದಿಲ್ಲ. ಕೈಯಲ್ಲಿ ದುಡ್ಡಿಲ್ಲ ಅಂದರೆ ಆಟೊದಲ್ಲಿ ಕೂರಿಸಿಕೊಂಡು ಬ್ಯಾಂಕಿಗೂ ಜೊತೆಗೆ ಬರುತ್ತಾರೆ. ದೊಡ್ಡಮ್ಮನ ಎಫ್‌ಡಿ ಮುರಿದದ್ದು ಹಾಗೆಯೇ.

ವಯಸ್ಸಾದವರ ಮಂಡಿ ನೋವಿಗೆ ಸಾಮಾನ್ಯ ಕಾರಣ ಕೀಲಿನೊಳಗಿನ ಮೃದ್ವಸ್ಥಿ ಸವೆಯುವುದು. ಅಲ್ಲಿ ಹೀರಿ ತೆಗೆಯುವುದಕ್ಕೆ ಕೀವೇ ಇರುವುದಿಲ್ಲ. ನಿಜವಾಗಿ ಕೀವು ತುಂಬಿದರೆ ಮಂಡಿ ಬಿಸಿಯಾಗಿ ಊದಿಕೊಳ್ಳುತ್ತದೆ, ಸಾಮಾನ್ಯವಾಗಿ ಜ್ವರವೂ ಇರುತ್ತದೆ, ಕಾಲೂರಲು ಆಗುವುದಿಲ್ಲ. ಅದು ಅದೇ ದಿನ ಆಸ್ಪತ್ರೆಗೆ ಓಡುವ ಸ್ಥಿತಿ. ಈ ಎರಡು ಮಾತು ಮೊದಲೇ ಗೊತ್ತಿದ್ದರೆ ದೊಡ್ಡಪ್ಪ ಮೊದಲ ಗೀಟೇ ಎಳೆಯುತ್ತಿರಲಿಲ್ಲ.

2. ಒಂದು ವಾಕ್ಯ ಬಾಯಿಪಾಠ ಮಾಡಿಸಿ

ಎಲ್ಲರೂ ಎಡವುವುದು ಇಲ್ಲಿಯೇ. ವಾಟ್ಸ್‌ಆ್ಯಪ್‌ನಲ್ಲಿ ನಾಲ್ಕು ಎಚ್ಚರಿಕೆಯ ವಿಡಿಯೊ ಕಳಿಸಿ ಕರ್ತವ್ಯ ಮುಗಿಯಿತು ಅಂದುಕೊಳ್ಳುತ್ತಾರೆ. ನೋಡುವಾಗ ಎಲ್ಲ ಅರ್ಥವಾಗುತ್ತದೆ, ಎದುರಿಗೆ ನಯವಾಗಿ ಮಾತಾಡುವವನು ಕೂತಾಗ ಬಾಯಿ ಬರುವುದಿಲ್ಲ. ನಮ್ಮ ಹಿರಿಯರಿಗೆ ಮನೆಗೆ ಬಂದವರಿಗೆ ‘ಬೇಡ’ ಅನ್ನುವುದು ಕಷ್ಟ. ಕಾಫಿ ಕೊಟ್ಟಾದ ಮೇಲೆ ಇನ್ನೂ ಕಷ್ಟ. ಹಾಗಾಗಿ ಅವರು ಬೇಡ ಅನ್ನಬೇಕಾಗಿಯೇ ಇರದಂಥ ಮಾತು ಬೇಕು. ನಮ್ಮ ಮನೆಯದು ಇದು: “ಮಗಳನ್ನ ಕೇಳದೆ ನಾನು ಔಷಧಿ ತಗೊಳ್ಳಲ್ಲ, ನಾಳೆ ಫೋನ್ ಮಾಡ್ತೀನಿ.”

ನೀವೇ ಕಳ್ಳನ ಪಾತ್ರ ಹಾಕಿ ಇದನ್ನು ಆಡಿಸಿ. ತಮಾಷೆ ಅನ್ನಿಸುತ್ತದೆ, ಆದರೂ ಆಡಿಸಿ. ಸುಲಭಕ್ಕೆ ಬಿಡಬೇಡಿ. “ಇವತ್ತು ಒಂದೇ ದಿನ ಡಾಕ್ಟರು ಊರಲ್ಲಿರ್ತಾರೆ,” “ಮಕ್ಕಳಿಗೇನು ಗೊತ್ತು ನಿಮ್ಮ ನೋವು,” “ಈಗ ನಿಲ್ಲಿಸಿದರೆ ಕಾಲೇ ಹೋಗುತ್ತೆ” ಎಂದು ಒತ್ತಿ. ಎರಡನೆಯ ಮಾತಿಗೆ ದೊಡ್ಡಮ್ಮ ಸುಮ್ಮನಾಗಿಬಿಟ್ಟರು. ಆಮೇಲೆ ಮೆಲ್ಲಗೆ, “ಅವನು ಹೇಳಿದ್ದೂ ಇದನ್ನೇ ಕಣೇ” ಅಂದರು. ಅವರ ಮಂಡಿ ನೋವಿನ ಬಗ್ಗೆ ಅವನು ಅರ್ಧ ಗಂಟೆ ಕೇಳಿದ್ದನಂತೆ. ನಾವು ಯಾರೂ ಅಷ್ಟು ಹೊತ್ತು ಕೇಳಿರಲಿಲ್ಲ.

ಇದಕ್ಕೆ ಜೋಡಿಯಾಗಿ ನೀವೂ ಒಂದು ಮಾತು ಕೊಡಬೇಕು: ಏನೇ ಹೇಳಿದರೂ ಬೈಯುವುದಿಲ್ಲ. ಮೀಟಿಂಗ್‌ನಲ್ಲಿದ್ದರೂ ಅವರ ಕರೆ ಎತ್ತಬೇಕು. ಅದಾಗದಿದ್ದರೆ ಈ ಲೇಖನದ ಉಳಿದ ಭಾಗ ಓದಿಯೂ ಪ್ರಯೋಜನವಿಲ್ಲ.

ನಡುವೆ ಒಂದು ಮಾತು. ಕಲ್ಯಾಣ ಮಂಟಪದ ‘ಉಚಿತ ತಪಾಸಣೆ’ಯಲ್ಲಿ ಅಂಗೈಗೆ ಲೋಹದ ಕಡ್ಡಿ ಹಿಡಿಸಿ, ಒಂದು ನಿಮಿಷದಲ್ಲಿ ಲಿವರ್, ಕಿಡ್ನಿ ಎಲ್ಲದರ ವರದಿ ಪ್ರಿಂಟ್ ತೆಗೆದು ಕೊಡುವ ಯಂತ್ರವಿದೆ. ಅದು ಶುದ್ಧ ಬೊಗಳೆ. ಆಮೇಲೆ ಮಾರುವ ಅಯಸ್ಕಾಂತದ ಹಾಸಿಗೆಯೂ ಅಷ್ಟೇ. ಸಕ್ಕರೆ ಕಾಯಿಲೆ, ಬಿಪಿ, ಲಕ್ವ ಗುಣಪಡಿಸುತ್ತೇವೆ ಎಂದು ಜಾಹೀರಾತು ಕೊಡುವುದನ್ನು ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಜಾಹೀರಾತು ಕುರಿತ 1954ರ ಕಾಯ್ದೆಯೇ ನಿಷೇಧಿಸಿದೆ. ‘ಗ್ಯಾರಂಟಿ’ ಎಂದು ಪಾಂಪ್ಲೆಟ್‌ನಲ್ಲಿ ಕಂಡರೆ ಪಾಂಪ್ಲೆಟ್ ರದ್ದಿಗೆ.

3. ಮೊಬೈಲ್

ಎರಡನೆಯ ಮೋಸ ಇಲ್ಲಿಂದ ಬಂತು. ದೊಡ್ಡಪ್ಪ ಕಣ್ಣಿನ ಆಸ್ಪತ್ರೆಯ ನಂಬರನ್ನು ಇಂಟರ್ನೆಟ್‌ನಲ್ಲಿ ಹುಡುಕಿದರು, ಸಿಕ್ಕಿದ್ದು ಕಳ್ಳರು ಹಾಕಿದ್ದ ನಂಬರ್. “ಟೋಕನ್‌ಗೆ 10 ರೂಪಾಯಿ ಕಟ್ಟಿ, ಫೈಲ್ ಕಳಿಸಿದ್ದೀವಿ, ಓಪನ್ ಮಾಡಿ” ಅಂದರು. ಆ ಫೈಲಿನ ಹೆಸರು ‘ಎಪಿಕೆ’ ಎಂದು ಮುಗಿಯುತ್ತಿತ್ತು. ಅಂದರೆ ಅದು ಚೀಟಿಯಲ್ಲ, ಒಂದು ಆ್ಯಪ್. ಒಳಗೆ ಸೇರಿಕೊಂಡು ಬರುವ ಒಟಿಪಿಗಳನ್ನೆಲ್ಲ ಓದಿ ಆಚೆ ಕಳಿಸಿತು. ‘ಒಟಿಪಿ ಯಾರಿಗೂ ಹೇಳಬೇಡಿ’ ಎಂಬ ನಮ್ಮ ಪಾಠವನ್ನು ದೊಡ್ಡಪ್ಪ ತಪ್ಪದೆ ಪಾಲಿಸಿದ್ದರು, ಯಾರಿಗೂ ಹೇಳಿರಲಿಲ್ಲ. 38,000 ಹೋಯಿತು.

ಆಸ್ಪತ್ರೆ, ಲ್ಯಾಬ್, ಮೆಡಿಕಲ್ ಶಾಪ್ ನಂಬರುಗಳನ್ನು ಹಳೆಯ ಬಿಲ್ಲು, ಫೈಲುಗಳಿಂದ ನೋಡಿ ನೀವೇ ಸೇವ್ ಮಾಡಿಕೊಡಿ. ಸೆಟ್ಟಿಂಗ್ಸ್‌ನಲ್ಲಿ ‘ಇನ್‌ಸ್ಟಾಲ್ ಅನ್‌ನೋನ್ ಆ್ಯಪ್ಸ್’ ಎಂದು ಹುಡುಕಿ, ವಾಟ್ಸ್‌ಆ್ಯಪ್‌ಗೂ ಬ್ರೌಸರ್‌ಗೂ ಆಫ್ ಮಾಡಿ. ಪಿಂಚಣಿ ಬರುವ ಖಾತೆಗೆ ಯುಪಿಐ ಬೇಡವೇ ಬೇಡ. ಬೇರೊಂದು ಖಾತೆ ತೆರೆದು ಅದರಲ್ಲಿ ಐದು ಸಾವಿರ ಇಟ್ಟರೆ ಹಾಲು, ತರಕಾರಿಗೆ ಸಾಕು. ಮೊಬೈಲನ್ನು ಕಿತ್ತುಕೊಂಡು ಕೀಪ್ಯಾಡ್ ಫೋನ್ ಕೊಡುವವರಿದ್ದಾರೆ. ಅದು ರಕ್ಷಣೆಯಲ್ಲ, ಶಿಕ್ಷೆ.

4. ಕಾರ್ಡು, ಹೆಬ್ಬೆಟ್ಟು

70 ತುಂಬಿದವರಿಗೆ ವರ್ಷಕ್ಕೆ 5 ಲಕ್ಷದವರೆಗಿನ ಚಿಕಿತ್ಸೆಗೆ ಕೇಂದ್ರ ಸರ್ಕಾರದ ಆಯುಷ್ಮಾನ್ ವಯ ವಂದನಾ ಕಾರ್ಡ್ 2024ರ ಅಕ್ಟೋಬರ್‌ನಲ್ಲಿ ಶುರುವಾಯಿತು. ಅದಕ್ಕೆ ನೋಂದಣಿ ಶುಲ್ಕವಿದೆ ಎಂದು ಫೋನ್‌ನಲ್ಲಿ ದುಡ್ಡು ಕೇಳುವವನು ಕಳ್ಳ. ಅನುಮಾನವಿದ್ದರೆ ಆಯುಷ್ಮಾನ್ ಸಹಾಯವಾಣಿ 14555ಕ್ಕೆ ಕೇಳಿ. ಶಿಬಿರದಲ್ಲಿ ಹೆಬ್ಬೆಟ್ಟು ಒತ್ತಿಸಿಕೊಂಡರೆ ಆಧಾರ್ ಮೂಲಕ ಬ್ಯಾಂಕಿನಿಂದ ಹಣ ತೆಗೆಯಲು ದಾರಿಯಾಗಬಹುದು, ಆಧಾರ್‌ನ ಅಧಿಕೃತ ಆ್ಯಪ್‌ನಲ್ಲಿ ಬಯೊಮೆಟ್ರಿಕ್ ಲಾಕ್ ಮಾಡಿಡಿ.

5. ದುಡ್ಡು ಹೋದರೆ

ಮೊದಲು ಮೊಬೈಲ್ ಡೇಟಾ, ವೈಫೈ ಆಫ್ ಮಾಡಿ. ಬೇರೊಂದು ಫೋನಿನಿಂದ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ, ಆಮೇಲೆ ಬ್ಯಾಂಕಿಗೆ. ಹಣ ಖಾತೆಯಿಂದ ಖಾತೆಗೆ ಹಾರುವ ಮುಂಚೆ ತಡೆಹಿಡಿಯಲು ಆಗುವುದು ಮೊದಲ ಗಂಟೆಗಳಲ್ಲಿ. ಗಾಬರಿಯಲ್ಲಿ ಫೋನ್ ರಿಸೆಟ್ ಮಾಡಬೇಡಿ, ಮೆಸೇಜು ಅಳಿಸಬೇಡಿ, ಸಾಕ್ಷಿಯೇ ಹೋಗುತ್ತದೆ. ಮನೆಗೆ ಬಂದು ನಗದು ಒಯ್ದಿದ್ದರೆ ಹತ್ತಿರದ ಠಾಣೆಗೆ ಹೋಗಿ ದೂರು ಕೊಡಿ. ಅವರು ಕೊಟ್ಟ ಪುಡಿ, ಚೀಟಿ, ಫೋನ್ ನಂಬರ್, ಎಲ್ಲವನ್ನೂ ಒಂದು ಕವರಿಗೆ ಹಾಕಿಕೊಳ್ಳಿ. ಏನು ಮಾಡಬೇಕೆಂದೇ ತೋಚದಿದ್ದರೆ ಹಿರಿಯರ ಸಹಾಯವಾಣಿ 14567 ಇದೆ.

ನಾವು ದೂರಿನ ಜೊತೆ ದೊಡ್ಡಪ್ಪನ ಕ್ಯಾಲೆಂಡರ್ ಹಾಳೆಯನ್ನೂ ಜೆರಾಕ್ಸ್ ಮಾಡಿಸಿ ಕೊಟ್ಟೆವು.