ರಸ್ತೆ ಅಗೆಯೋ ಅನುಮತಿ ಬಗ್ಗೆ ಕೇಳಿ ನೋಡಿ: ಟೆಕ್ ಉದ್ಯಮಕ್ಕೆ ಆಗಿಬರುವ ಮೇಯರ್ ಯಾರು ಅಂತ ಗುರುತಿಸೋದು ಹೇಗೆ?

ಚುನಾವಣೆ ಹತ್ತಿರ ಬಂತು ಅಂದರೆ ಮೇಯರ್ ಆಗಲು ಹೊರಟವರೆಲ್ಲ ಒಂದು ಸಲ ಯಾವುದಾದರೂ ಸ್ಟಾರ್ಟಪ್ ಆಫೀಸಿಗೆ ಹೋಗಿ, ಯಾರದ್ದೋ ಕಂಪ್ಯೂಟರ್ ಮುಂದೆ ಬಗ್ಗಿ ನಿಂತು ಫೋಟೊ ತೆಗೆಸಿಕೊಂಡು ಬರುತ್ತಾರೆ. ಮರುದಿನ ಪ್ರಣಾಳಿಕೆಯಲ್ಲಿ 'ಸ್ಮಾರ್ಟ್', 'ಡಿಜಿಟಲ್', 'ಎಐ' ಎಲ್ಲ ಬಂದು ಕೂತಿರುತ್ತವೆ. ಎದುರಾಳಿಯ ಪ್ರಣಾಳಿಕೆ ತೆಗೆದರೆ ಅಲ್ಲೂ ಅವೇ ಪದಗಳು. ಹಾಗಾದರೆ ಊರಿನ ಟೆಕ್ ಉದ್ಯಮಕ್ಕೆ ನಿಜವಾಗಿ ಕೆಲಸ ಮಾಡುವವರು ಯಾರು, ಸುಮ್ನೆ ಮೂಗಿಗೆ ತುಪ್ಪ ಸವರುವವರು ಯಾರು ಅಂತ ಕಂಡುಹಿಡಿಯೋದು ಹೇಗೆ?

ನನ್ನ ಸಲಹೆ ಇಷ್ಟೆ. ಅವರನ್ನು ಟೆಕ್ ಬಗ್ಗೆ ಕೇಳಲೇಬೇಡಿ. ರಸ್ತೆ ಅಗೆಯೋ ಅನುಮತಿ, ಟೆಂಡರ್ ಷರತ್ತು, ಬಿಲ್ ಪಾಸಾಗಲು ಹಿಡಿಯುವ ದಿನ, ಕೊನೇ ಬಸ್ಸಿನ ಹೊತ್ತು ಇಂಥ ಆಕಳಿಕೆ ತರಿಸುವ ವಿಷಯಗಳನ್ನು ಕೇಳಿ. ಮೇಯರ್ ಕೈಯಲ್ಲಿ ಇರೋದೇ ಇವು.

ಮೊದಲ ಹೆಜ್ಜೆ: ಮೇಯರ್‌ಗೆ ಅಧಿಕಾರ ಎಷ್ಟಿದೆ ನೋಡಿಕೊಳ್ಳಿ

ಎಲ್ಲ ಊರಿನ ಮೇಯರ್ ಹುದ್ದೆಯೂ ಒಂದೇ ಥರ ಇರೋದಿಲ್ಲ. ನ್ಯೂಯಾರ್ಕ್‌ನಲ್ಲಿ ಬಜೆಟ್ ಸಿದ್ಧಪಡಿಸೋದು, ಇಲಾಖೆಗಳ ಮುಖ್ಯಸ್ಥರನ್ನು ನೇಮಿಸೋದು ಎಲ್ಲ ಮೇಯರ್ ಕೆಲಸ. ಅದೇ ಅಮೆರಿಕದ ಡಲ್ಲಾಸ್, ಫೀನಿಕ್ಸ್‌ನಲ್ಲಿ ದಿನನಿತ್ಯದ ಆಡಳಿತ ನಡೆಸೋದು ಕೌನ್ಸಿಲ್ ನೇಮಿಸಿದ ಸಿಟಿ ಮ್ಯಾನೇಜರ್. ಕೆಲವು ದೇಶಗಳಲ್ಲಿ ಮೇಯರ್‌ನನ್ನು ಜನ ನೇರವಾಗಿ ಆರಿಸೋದೇ ಇಲ್ಲ, ಕೌನ್ಸಿಲ್ ಸದಸ್ಯರು ಆರಿಸುತ್ತಾರೆ. ನಿಮ್ಮಲ್ಲೂ ಹಾಗೇ ಇದ್ದರೆ ಮುಂದಿನ ಪ್ರಶ್ನೆಗಳನ್ನೆಲ್ಲ ನಿಮ್ಮ ವಾರ್ಡಿನ ಅಭ್ಯರ್ಥಿಗೆ ಕೇಳಿ.

ಇದು ಗೊತ್ತಿದ್ದರೆ ಅರ್ಧ ಭಾಷಣ ತಾನಾಗಿ ಜರಡಿ ಹಿಡಿದಂತೆ ಆಗುತ್ತದೆ. ಆದಾಯ ತೆರಿಗೆ, ವೀಸಾ, ಬ್ಯಾಂಕ್ ಬಡ್ಡಿ ಇವು ಸಾಮಾನ್ಯವಾಗಿ ಮೇಯರ್ ಕೈಲಿರೋದಿಲ್ಲ. 'ನಾನು ಗೆದ್ದರೆ ಸ್ಟಾರ್ಟಪ್‌ಗಳಿಗೆ ಆದಾಯ ತೆರಿಗೆ ಇಲ್ಲ' ಅಂದವರಿಗೆ ಆ ಕುರ್ಚಿ ಏನು ಅಂತ ಗೊತ್ತಿಲ್ಲ, ಇಲ್ಲವೇ ಗೊತ್ತಿದ್ದೂ ಹೇಳುತ್ತಿದ್ದಾರೆ. ಎರಡೂ ಒಳ್ಳೇದಲ್ಲ.

ಎರಡನೇದು: ಹಳೇ ನಡಾವಳಿ ಓದಿ

ಅಭ್ಯರ್ಥಿ ಹಿಂದೆ ಕೌನ್ಸಿಲ್‌ನಲ್ಲಿ ಇದ್ದವರಾದರೆ ನಿಮ್ಮ ಕೆಲಸ ಸುಲಭ. ಸಭೆಯ ನಡಾವಳಿ ಸಿಗುತ್ತದೆ. ಹತ್ತು ಸಭೆಗಳ ನಡಾವಳಿ ತೆಗೆದು, ಅವರ ಹೆಸರು ಎಲ್ಲೆಲ್ಲಿ ಬಂದಿದೆ ಅಂತ ಹುಡುಕಿ. ಹಾಜರಿದ್ದರೋ ಇಲ್ಲವೋ, ಯಾವುದಕ್ಕೆ ಕೈ ಎತ್ತಿದರು, ಯಾವ ವಿಷಯ ಬಂದಾಗ ಎದ್ದು ಹೊರಗೆ ಹೋದರು. ಒಂದು ಸಂಜೆಯ ಕೆಲಸ, ಅಷ್ಟೆ. ಹೊಸಬರಾದರೆ ಅವರು ಮೊದಲು ನಡೆಸಿದ ಸಂಸ್ಥೆಯಲ್ಲಿ ಜೊತೆಗಿದ್ದವರನ್ನು ಮಾತಾಡಿಸಿ.

ಮೂರನೇದು: ರಸ್ತೆ ಅಗೆತದ ಪ್ರಶ್ನೆ

ಇದಕ್ಕೆ ಸ್ವಲ್ಪ ಜಾಸ್ತಿ ಹೊತ್ತು ಕೊಡಿ, ಯಾಕಂದರೆ ಇದರಲ್ಲೇ ಆಟ ಬಯಲಾಗೋದು.

ಇಂಟರ್ನೆಟ್ ಕೇಬಲ್ ಹಾಕಲು ರಸ್ತೆ ಬದಿ ಗುಂಡಿ ತೋಡಿರುತ್ತಾರಲ್ಲ, ಒಂದು ಸಲ ಬಗ್ಗಿ ನೋಡಿ. ಒಳಗೆ ಹೆಬ್ಬೆರಳಿಗಿಂತ ಸ್ವಲ್ಪ ದಪ್ಪದ ಪ್ಲಾಸ್ಟಿಕ್ ಪೈಪು. ಅದರೊಳಗೆ ಹೋಗುವ ಕೇಬಲ್‌ನಲ್ಲಿ ಬೆಳಕು ಹಾಯಿಸುವ ಗಾಜಿನ ಎಳೆ ಕೂದಲಷ್ಟು ಸಣ್ಣ. ಆ ಎಳೆಗೆ ಬೀಳುವ ದುಡ್ಡು ಏನೂ ಅಲ್ಲ. ಖರ್ಚಿನ ದೊಡ್ಡ ಪಾಲು ಅನುಮತಿ, ಅಗೆತ, ಮತ್ತೆ ಮುಚ್ಚಿ ಟಾರು ಹಾಕೋದರಲ್ಲೇ ಮುಗಿಯುತ್ತದೆ. ಹೀಗಿರುವಾಗ ನೀರಿನವರು ಒಂದು ಸಲ, ಕರೆಂಟಿನವರು ಒಂದು ಸಲ, ಮೂರು ಕೇಬಲ್ ಕಂಪನಿಯವರು ಮೂರು ಸಲ ಅದೇ ರಸ್ತೆ ಅಗೆದರೆ ಎಲ್ಲರಿಗೂ ಖರ್ಚು, ಧೂಳು ಕುಡಿಯೋದು ನಾವು. ಅದರ ಬದಲು ಯಾವುದೋ ಕಾರಣಕ್ಕೆ ರಸ್ತೆ ತೆರೆದಾಗಲೇ ಎರಡು ಖಾಲಿ ಪೈಪು ಹೂತಿಟ್ಟರೆ, ಆಮೇಲೆ ಬಂದವರು ಅದರೊಳಗೆ ಕೇಬಲ್ ತೂರಿಸಿ ಪಾಲಿಕೆಗೆ ಬಾಡಿಗೆ ಕೊಡಬಹುದು. ಒಂದು ಸಲ ಅಗೆಯೋದು, ಹಲವರು ಬಳಸೋದು. ಇದಕ್ಕೆ ದೊಡ್ಡ ವಿಜ್ಞಾನ ಬೇಡ, ಇಲಾಖೆಗಳನ್ನು ಒಂದೇ ಮೇಜಿನ ಸುತ್ತ ಕೂರಿಸುವ ಮೇಯರ್ ಬೇಕು.

ಸ್ವೀಡನ್ನಿನ ಸ್ಟಾಕ್‌ಹೋಮ್ ನಗರ 1994ರಲ್ಲೇ ಸ್ಟೋಕಾಬ್ ಅನ್ನುವ ಸ್ವಂತ ಕಂಪನಿ ಮಾಡಿತು. ಅದು ಇಂಟರ್ನೆಟ್ ಮಾರೋದಿಲ್ಲ. ನೆಲದಡಿ ಫೈಬರ್, ಅಂದರೆ ಅದೇ ಗಾಜಿನ ಎಳೆಯ ಕೇಬಲ್ ಹಾಕಿ, ಯಾವ ಕಂಪನಿ ಬಂದು ಕೇಳಿದರೂ ಬಾಡಿಗೆಗೆ ಕೊಡುತ್ತದೆ, ಅಷ್ಟೆ. ಹೊಸದಾಗಿ ಶುರುಮಾಡಿದ ಸಣ್ಣ ಕಂಪನಿಗೂ ಬಾಗಿಲು ತೆರೆದಿರುತ್ತದೆ. ಅಮೆರಿಕದ ಚಾಟನೂಗ ಕಥೆ ಇನ್ನೂ ಮಜಾ. ಅದೇನು ದೊಡ್ಡ ಮಹಾನಗರವಲ್ಲ. ಅಲ್ಲಿನ ನಗರದ್ದೇ ಆದ ವಿದ್ಯುತ್ ಸಂಸ್ಥೆ ಇಪಿಬಿ, ಕರೆಂಟು ಹೋದ ಕಡೆಯನ್ನು ತಾನಾಗಿ ಪತ್ತೆಹಚ್ಚುವ ಜಾಲ ಬೇಕು ಅಂತ ಊರಿಡೀ ಫೈಬರ್ ಎಳೆಯಿತು, ಅದರಲ್ಲೇ ಮನೆಮನೆಗೆ ಇಂಟರ್ನೆಟ್ ಕೂಡ ಕೊಟ್ಟಿತು. ಖಾಸಗಿ ಕೇಬಲ್ ಕಂಪನಿಗಳು ಕೋರ್ಟಿಗೂ ಹೋದವು. ಆದರೂ 2010ರಲ್ಲಿ ತನ್ನ ವ್ಯಾಪ್ತಿಯ ಎಲ್ಲರಿಗೂ ಸೆಕೆಂಡಿಗೆ 1 ಗಿಗಾಬಿಟ್ ವೇಗದ ಸಂಪರ್ಕ ಸಿಗುವಂತೆ ಮಾಡಿತು. ಅಮೆರಿಕದಲ್ಲಿ ಆಗ ಬೇರೆಲ್ಲೂ ಹಾಗಿರಲಿಲ್ಲ.

ಈಗ ನಿಮ್ಮ ಅಭ್ಯರ್ಥಿಗೆ ಕೇಳಿ: 'ಹೊಸ ಕಂಪನಿಯೊಂದು ಕೇಬಲ್ ಹಾಕಬೇಕು ಅಂದರೆ ಈಗ ಎಷ್ಟು ಕಡೆ ಸಹಿ ಬೇಕು? ನೀವು ಬಂದರೆ ಎಷ್ಟಕ್ಕೆ ಇಳಿಸುತ್ತೀರಿ?' ಗೊತ್ತಿಲ್ಲ ಅಂದರೆ ಪರವಾಗಿಲ್ಲ, ತಿಳಿದುಕೊಂಡು ಹೇಳ್ತೀನಿ ಅಂದರೂ ಒಂದು ಅಂಕ ಕೊಡಿ. 'ಇಡೀ ನಗರಕ್ಕೆ ಉಚಿತ ವೈಫೈ ಕೊಡ್ತೀವಿ' ಅಂತ ಮಾತು ತಿರುಗಿಸಿದರೆ ಮಾತ್ರ ಹುಷಾರು.

ನಾಲ್ಕನೇದು: ಟೆಂಡರ್ ಪುಸ್ತಕದ ಪ್ರಶ್ನೆ

ಇದು ನನ್ನ ಹೊಟ್ಟೆಯುರಿ, ಹಾಗಾಗಿ ಸ್ವಲ್ಪ ಸಹಿಸಿಕೊಳ್ಳಿ.

ಕೆಲವು ವರ್ಷ ನಾನು ನಾಲ್ಕೇ ಜನರಿದ್ದ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿದ್ದೆ. ಒಂದು ಪಾಲಿಕೆ ನಾಗರಿಕರ ದೂರು ದಾಖಲಿಸುವ ವ್ಯವಸ್ಥೆಗೆ ಟೆಂಡರ್ ಕರೆಯಿತು. ನಮ್ಮ ಹತ್ತಿರ ಅಂಥದ್ದು ಆಗಲೇ ತಯಾರಿತ್ತು, ಓಡುತ್ತಲೂ ಇತ್ತು. ಖುಷಿಯಿಂದ ಟೆಂಡರ್ ದಾಖಲೆ ತೆಗೆದೆವು. ಎಂಬತ್ತು ಚಿಲ್ಲರೆ ಪುಟ. ಹನ್ನೆರಡನೇ ಪುಟದಲ್ಲಿ ಮೂರು ವರ್ಷದ ವಹಿವಾಟಿನ ಲೆಕ್ಕಪರಿಶೋಧಿತ ಪಟ್ಟಿ ಕೇಳಿದ್ದರು, ನಮ್ಮ ಕಂಪನಿ ಹುಟ್ಟಿ ಒಂದೂವರೆ ವರ್ಷ. ಮುಂದಿನ ಪುಟದಲ್ಲಿ, ಇದೇ ಕೆಲಸವನ್ನು ಮೊದಲು ಎರಡು ಪಾಲಿಕೆಗಳಿಗೆ ಮಾಡಿಕೊಟ್ಟಿರಬೇಕು ಅಂತ ಇತ್ತು. ಈಜು ಬಂದ ಮೇಲೇ ನೀರಿಗಿಳಿಯಿರಿ ಅಂದ ಹಾಗೆ. ಠೇವಣಿ ಮೊತ್ತ ನೋಡಿ ನಾವು ನಾಲ್ವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಕೊನೆಗೆ ಟೆಂಡರ್ ಒಂದು ದೊಡ್ಡ ಕಂಪನಿಗೆ ಹೋಯಿತು, ಅವರು ನಮ್ಮನ್ನೇ ಕರೆದು ಉಪಗುತ್ತಿಗೆ ಕೊಟ್ಟರು, ಕೆಲಸ ಪೂರ್ತಿ ನಾವೇ ಮಾಡಿದೆವು. ಬಿಲ್ ಕೈಗೆ ಬರಲು ಹನ್ನೊಂದು ತಿಂಗಳು ಹಿಡಿಯಿತು. ಅಷ್ಟರಲ್ಲಿ ನಾಲ್ವರಲ್ಲಿ ಇಬ್ಬರು ಬೇರೆ ಊರಲ್ಲಿ ಕೆಲಸ ಹುಡುಕಿಕೊಂಡಿದ್ದರು.

ಆ ಪಾಲಿಕೆಯ ಮುಖ್ಯಸ್ಥರು ಆ ವರ್ಷವೂ ಸ್ಟಾರ್ಟಪ್ ಸಮಾವೇಶ ಉದ್ಘಾಟಿಸಿದರು ಅನ್ನೋದು ಬೇರೆ ಮಾತು.

ಸಣ್ಣ ಕಂಪನಿಗೆ ಊರಿನ ಪಾಲಿಕೆ ಮೊದಲ ಗಿರಾಕಿಯಾಗೋದಕ್ಕಿಂತ ದೊಡ್ಡ ಸಹಾಯಧನ ಇಲ್ಲ. ಹಾಗಾಗಿ ಕೇಳಿ. ದೊಡ್ಡ ಟೆಂಡರ್‌ಗಳನ್ನು ಸಣ್ಣ ತುಂಡುಗಳಾಗಿ ಒಡೆಯುತ್ತೀರಾ? ಕೆಲಸ ಮಾಡಿ ತೋರಿಸಿದವರಿಗೆ ವಹಿವಾಟಿನ ಷರತ್ತು ಸಡಿಲಿಸುತ್ತೀರಾ? ಒಂದು ವಾರ್ಡಿನಲ್ಲಿ ಪ್ರಯೋಗ ಮಾಡಿ ನೋಡಲು ಅವಕಾಶ ಇದೆಯಾ? ಬಿಲ್ ಎಷ್ಟು ದಿನದಲ್ಲಿ ಪಾಸು ಮಾಡುತ್ತೀರಿ? ಕೊನೇ ಪ್ರಶ್ನೆಗೆ ಉತ್ತರ ದಿನದ ಲೆಕ್ಕದಲ್ಲಿ ಬರಬೇಕು. 'ಆದಷ್ಟು ಬೇಗ' ಅನ್ನೋದು ಉತ್ತರ ಅಲ್ಲ.

ಐದನೇದು: ದೊಡ್ಡ ಕಂಪನಿಗೆ ಏನು ಕೊಡುತ್ತೀರಿ?

2017ರ ಸೆಪ್ಟೆಂಬರಿನಲ್ಲಿ ಅಮೆಜಾನ್, ತನ್ನ ಎರಡನೇ ಮುಖ್ಯ ಕಚೇರಿಗೆ ಜಾಗ ಹುಡುಕುತ್ತಿದ್ದೇವೆ, 50,000 ಉದ್ಯೋಗ ಬರುತ್ತದೆ ಅಂತ ಘೋಷಿಸಿತು. ಉತ್ತರ ಅಮೆರಿಕದ 238 ಊರು, ಪ್ರಾಂತ್ಯಗಳು ಅರ್ಜಿ ಹಾಕಿದವು. ಒಂದಕ್ಕಿಂತ ಒಂದು ಮೇಲೆ ಬಿದ್ದು ತೆರಿಗೆ ವಿನಾಯಿತಿ ಮುಂದಿಟ್ಟವು. ಎಷ್ಟೋ ಕಡೆ ಏನು ಕೊಡುತ್ತೇವೆ ಅಂದಿದ್ದೇವೆ ಅನ್ನೋದನ್ನೇ ಜನರಿಂದ ಮುಚ್ಚಿಟ್ಟರು. 2018ರ ನವೆಂಬರಿನಲ್ಲಿ ನ್ಯೂಯಾರ್ಕ್ ಮತ್ತು ವರ್ಜೀನಿಯಾದ ಆರ್ಲಿಂಗ್ಟನ್ ಆಯ್ಕೆಯಾದವು. ಸ್ಥಳೀಯರು, ಕೆಲವು ಜನಪ್ರತಿನಿಧಿಗಳು ತಿರುಗಿಬಿದ್ದ ಮೇಲೆ 2019ರ ಫೆಬ್ರುವರಿಯಲ್ಲಿ ಕಂಪನಿ ನ್ಯೂಯಾರ್ಕ್ ಯೋಜನೆ ಕೈಬಿಟ್ಟಿತು. ಯಾರು ಸರಿ, ಯಾರು ತಪ್ಪು ಅನ್ನೋ ಜಗಳ ಈಗಲೂ ಮುಗಿದಿಲ್ಲ.

ಸ್ಯಾನ್ ಫ್ರಾನ್ಸಿಸ್ಕೋ ಕೂಡ ನೋಡಿ. 2011ರಲ್ಲಿ ಎಡ್ ಲೀ ಮೇಯರ್ ಆಗಿದ್ದಾಗ, ಟ್ವಿಟರ್ ಊರು ಬಿಟ್ಟು ಹೋಗದಿರಲಿ ಅಂತ ಪಾಳುಬಿದ್ದಿದ್ದ ಮಾರ್ಕೆಟ್ ಸ್ಟ್ರೀಟ್ ಭಾಗಕ್ಕೆ ಬರುವ ಕಂಪನಿಗಳಿಗೆ ಅವು ಸಂಬಳದ ಮೊತ್ತದ ಮೇಲೆ ನಗರಕ್ಕೆ ಕಟ್ಟಬೇಕಿದ್ದ ತೆರಿಗೆಯಲ್ಲಿ ವಿನಾಯಿತಿ ಕೊಟ್ಟರು. ಕಂಪನಿಗಳು ಬಂದವು. ನಗರದಲ್ಲಿ ಬಾಡಿಗೆಯೂ ಮೇಲೇರಿತು, ಮೊದಲಿಂದ ಇದ್ದವರ ಸಿಟ್ಟು ಬೀದಿಗೆ ಬಂತು. ನನಗೆ ಇಲ್ಲಿ ಇಷ್ಟವಾಗೋದು ಒಂದೇ ಅಂಶ: ವಿನಾಯಿತಿಗೆ ಕಾಲಮಿತಿ ಇತ್ತು. 2019ರಲ್ಲಿ ಅದು ಮುಗಿಯಿತು.

ಅಭ್ಯರ್ಥಿ ರಿಯಾಯಿತಿ ಕೊಡ್ತೀನಿ ಅಂದರೆ ಎಷ್ಟು ವರ್ಷಕ್ಕೆ, ಉದ್ಯೋಗ ಬರದಿದ್ದರೆ ದುಡ್ಡು ವಾಪಸ್ ಪಡೀತೀರಾ, ಒಪ್ಪಂದದ ಪತ್ರ ಜನರಿಗೆ ತೋರಿಸ್ತೀರಾ ಅಂತ ಅಲ್ಲೇ ಕೇಳಿಬಿಡಿ.

ಆರನೇದು: ಜಾಗ, ಮನೆ, ಬಸ್ಸು

ಕೋಡ್ ಬರೆಯುವವರೂ ಎಲ್ಲೋ ಒಂದು ಕಡೆ ಮಲಗಬೇಕು, ಬೆಳಗ್ಗೆ ಆಫೀಸಿಗೆ ಬರಬೇಕು, ಅಲ್ವಾ? ಬಾಡಿಗೆ ಕಟ್ಟಲಾಗದೆ ಒಳ್ಳೇ ಹುಡುಗ ಹುಡುಗಿಯರು ಊರು ಬಿಡುತ್ತಿದ್ದರೆ ಹೊಸ ಕಂಪನಿಗಳನ್ನು ಸಾಕಿ ಬೆಳೆಸುವ ಯಾವ ಇನ್‌ಕ್ಯುಬೇಟರ್ ಕಟ್ಟಿಯೂ ಪ್ರಯೋಜನ ಇಲ್ಲ. ಜಾಗವನ್ನು ಯಾವುದಕ್ಕೆ ಬಳಸಬೇಕು ಅನ್ನೋ ನಿಯಮ ಬಹಳ ಕಡೆ ನಗರಾಡಳಿತದ ಕೈಲೇ ಇರುತ್ತದೆ. ಬಾರ್ಸಿಲೋನಾ ನಗರ 2000ನೇ ಇಸವಿಯಲ್ಲಿ ಪೊಬ್ಲೆನೌ ಅನ್ನುವ ಹಳೇ ಕಾರ್ಖಾನೆ ಪ್ರದೇಶದ ಸುಮಾರು 200 ಹೆಕ್ಟೇರ್ ಜಾಗದ ನಿಯಮ ಬದಲಿಸಿತು. ಜಾಸ್ತಿ ಕಟ್ಟಡ ಕಟ್ಟಲು ಬಿಡ್ತೀವಿ, ಬದಲಿಗೆ ಜಾಗದ ಒಂದಿಷ್ಟು ಪಾಲು ಪಾರ್ಕು, ಕೈಗೆಟಕುವ ಮನೆಗಳಿಗೆ ಬಿಟ್ಟುಕೊಡಿ ಅಂದರು. ಯೋಜನೆಯ ಹೆಸರು '22@'. ಆ ಜಾಗಕ್ಕೆ ಮೊದಲು ಕೈಗಾರಿಕೆಯ '22ಎ' ಅನ್ನುವ ಸಂಕೇತ ಇತ್ತು, ಆ 'ಎ' ತೆಗೆದು '@' ಇಟ್ಟರು!

ನ್ಯೂಯಾರ್ಕಿನಲ್ಲಿ ಮೇಯರ್ ಆಗಿದ್ದ ಮೈಕೆಲ್ ಬ್ಲೂಮ್‌ಬರ್ಗ್ ಬೇರೆ ದಾರಿ ಹಿಡಿದರು. ತೆರಿಗೆ ಬಿಡೋ ಬದಲು ಎಂಜಿನಿಯರುಗಳನ್ನು ಇಲ್ಲೇ ತಯಾರುಮಾಡೋಣ ಅಂತ ವಿಶ್ವವಿದ್ಯಾಲಯಗಳ ನಡುವೆ ಪೈಪೋಟಿ ಇಟ್ಟರು. 2011ರಲ್ಲಿ ಕಾರ್ನೆಲ್ ಮತ್ತು ಇಸ್ರೇಲಿನ ಟೆಕ್ನಿಯಾನ್ ಜೋಡಿ ಗೆದ್ದಿತು, ನಗರ ಜಾಗದ ಜೊತೆ 10 ಕೋಟಿ ಡಾಲರ್ ಕೊಟ್ಟಿತು. ರೂಸ್‌ವೆಲ್ಟ್ ದ್ವೀಪದ ಕ್ಯಾಂಪಸ್ ತೆರೆದಿದ್ದು 2017ರಲ್ಲಿ. ಅಷ್ಟೊತ್ತಿಗೆ ಬ್ಲೂಮ್‌ಬರ್ಗ್ ಕುರ್ಚಿ ಬಿಟ್ಟು ಮೂರೂವರೆ ವರ್ಷ ದಾಟಿತ್ತು. ತನ್ನ ಅವಧಿಯಲ್ಲಿ ರಿಬ್ಬನ್ ಕತ್ತರಿಸಲು ಸಿಗದ ಕೆಲಸಕ್ಕೂ ಕೈ ಹಾಕುವವರು ಸಿಕ್ಕರೆ ಅವರನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ.

ಏಳನೇದು: ಮಾಹಿತಿ ಯಾರದ್ದು?

ಚುಟುಕಾಗಿ ಹೇಳ್ತೀನಿ. ಬಸ್ಸಿನ ವೇಳೆ, ಬಜೆಟ್ ಲೆಕ್ಕ, ಕಟ್ಟಡ ಪರವಾನಗಿ ಇಂಥ ಮಾಹಿತಿಯನ್ನು ಕಂಪ್ಯೂಟರ್ ಓದಬಲ್ಲ ರೂಪದಲ್ಲಿ ಹೊರಗೆ ಬಿಟ್ಟರೆ ಊರಿನ ಹುಡುಗರೇ ಅದರ ಮೇಲೆ ಆ್ಯಪ್ ಕಟ್ಟುತ್ತಾರೆ. ಸ್ಕ್ಯಾನ್ ಮಾಡಿದ ಪಿಡಿಎಫ್ ಬಿಟ್ಟರೆ ಯಾರೂ ಕಟ್ಟೋದಿಲ್ಲ. ಕ್ಯಾಮೆರಾ, ಮುಖ ಗುರುತಿಸುವ ತಂತ್ರಜ್ಞಾನದ ವಿಷಯ ಬಂದರೆ ಪ್ರಶ್ನೆ ತಿರುಗಿಸಿ ಕೇಳಿ: ಜನರ ಮಾಹಿತಿ ಎಲ್ಲಿ ಇಡ್ತೀರಿ, ಎಷ್ಟು ದಿನ, ಯಾರು ನೋಡಬಹುದು? ಟೆಕ್‌ಗೆ ಬೆಂಬಲ ಅಂದರೆ ಮಾರಲು ಬಂದಿದ್ದನ್ನೆಲ್ಲ ಕೊಳ್ಳೋದಲ್ಲ.

ಎಂಟನೇದು: ಓಟು ಹಾಕೋ ಮುಂಚೆ

ಒಂದು ಹಾಳೆ ತಗೊಳ್ಳಿ. ಮೇಲೆ ಅಭ್ಯರ್ಥಿಗಳ ಹೆಸರು, ಎಡಕ್ಕೆ ಪ್ರಶ್ನೆಗಳು. ಉತ್ತರ ಸಿಕ್ಕಿದ ದಿನಾಂಕದ ಸಮೇತ ಬರೆದುಕೊಳ್ಳಿ. ಸಂಖ್ಯೆ, ಗಡುವು, ಹೊಣೆ ಹೊರುವ ಇಲಾಖೆಯ ಹೆಸರು ಇದ್ದರೆ ಎರಡು ಅಂಕ, ಬರೀ 'ಮಾಡ್ತೀವಿ' ಅಂದರೆ ಸೊನ್ನೆ. ಒಬ್ಬರೇ ಕೇಳಿದರೆ ಉತ್ತರ ಬರದೇ ಇರಬಹುದು. ಹತ್ತು ಸಣ್ಣ ಕಂಪನಿಯವರು ಒಟ್ಟಿಗೆ ಒಂದೇ ಪತ್ರ ಬರೆದು ಎಲ್ಲ ಅಭ್ಯರ್ಥಿಗಳಿಗೂ ಕಳಿಸಿದರೆ ಬರುವ ಸಾಧ್ಯತೆ ಜಾಸ್ತಿ.

ಮತಪತ್ರದ ನಿಯಮವನ್ನೂ ನೋಡಿಕೊಳ್ಳಿ. ಲಂಡನ್ನಿನಲ್ಲಿ 2021ರವರೆಗೆ ಮೇಯರ್ ಚುನಾವಣೆಯಲ್ಲಿ ಮೊದಲ ಆಯ್ಕೆ, ಎರಡನೇ ಆಯ್ಕೆ ಅಂತ ಎರಡು ಗುರುತು ಹಾಕಬಹುದಿತ್ತು, 2024ರಲ್ಲಿ ಒಂದೇ ಆಯಿತು. ನ್ಯೂಯಾರ್ಕಿನಲ್ಲಿ ಪಕ್ಷಗಳು ತಮ್ಮ ಮೇಯರ್ ಅಭ್ಯರ್ಥಿಯನ್ನು ಆರಿಸುವ ಒಳಚುನಾವಣೆಯಲ್ಲಿ 2021ರಿಂದ ಐದು ಹೆಸರುಗಳವರೆಗೆ ಕ್ರಮವಾಗಿ ಗುರುತಿಸಬಹುದು. ಇಂಥ ಕಡೆ ಗೆಲ್ಲೋದು ಕಷ್ಟ ಅನ್ನಿಸುವ ಒಳ್ಳೇ ಅಭ್ಯರ್ಥಿಯನ್ನು ಮೊದಲು ಬರೆದರೂ ಓಟು ಅಲ್ಲೇ ದಂಡವಾಗೋದಿಲ್ಲ, ಅವರು ಸೋತರೆ ನಿಮ್ಮ ಮುಂದಿನ ಆಯ್ಕೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ಒಂದೇ ಗುರುತಿನ ಕಡೆ ಲೆಕ್ಕಾಚಾರ ಬೇರೆ.

ಫಲಿತಾಂಶ ಬಂದ ಮೇಲೆ ಆ ಹಾಳೆ ಎಸೆಯಬೇಡಿ. ಹೊಸ ಮೇಯರ್‌ನ ಮೊದಲ ಬಜೆಟ್ ಬರುವ ದಿನ ಅದನ್ನು ಪಕ್ಕದಲ್ಲಿಟ್ಟುಕೊಂಡು, ಭಾಷಣ ಬಿಟ್ಟು ನೇರವಾಗಿ ಅಂಕಿಗಳ ಪಟ್ಟಿಗೆ ಹೋಗಿ, ಖಾಲಿ ಪೈಪು ಹೂಳಲು ದುಡ್ಡು ಇಟ್ಟಿದ್ದಾರಾ ಹುಡುಕಿ. ಇಲ್ಲದಿದ್ದರೆ ಅದೇ ಹತ್ತು ಜನ ಸೇರಿ ಎರಡನೇ ಪತ್ರ ಬರೆಯಿರಿ, ಜೊತೆಗೆ ಹಾಳೆಯ ಜೆರಾಕ್ಸ್ ಪ್ರತಿ ಲಗತ್ತಿಸಿ.